ಎರಡು ಕುದುರೆ, ಒಬ್ಬ ಅಕ್ಕ

ಚನ್ನಬಸವ ದೋಣಿಯ ಮೋಟರಿನ ಹಗ್ಗ ಎಳೆದದ್ದೇ ತಡ, ಅದರ ಗರ್ಜನೆಗೆ ಗುಡ್ನಾಪುರ ಕೆರೆಯ ಕೊಕ್ಕರೆಗಳೆಲ್ಲ ಎದ್ದು ಸಿರ್ಸಿ ಬಸ್ ಸ್ಟ್ಯಾಂಡಿನ ತನಕ ಹಾರಿಹೋದವು. ದೋಣಿ ಮಾತ್ರ ಹೋಗಲಿಲ್ಲ. ಹೋಯಿತು ಅನ್ನಿ, ಆದರೆ ಮುಂದಕ್ಕಲ್ಲ, ಮೇಲಕ್ಕೆ. ಮೂಗನ್ನು ಆಕಾಶಕ್ಕೆತ್ತಿ, ಹಿಂಭಾಗವನ್ನು ನೀರಿಗೆ ಊರಿ, ಗಬ್ಬದ ಎಮ್ಮೆ ಕೆಸರಿನಲ್ಲಿ ಕೂತಂತೆ ಕೂತುಬಿಟ್ಟಿತು.

ಕಾರಣ ಅವನ ಪಕ್ಕದಲ್ಲೇ, ಮೋಟರಿಗೆ ಅಂಟಿಕೊಂಡು ಕೂತಿತ್ತು: ಅಕ್ಕ ಗುರುಶಾಂತವ್ವ. ಆಕೆ ಭತ್ತದ ಚೀಲದ ಮೇಲೆ ಸುಮ್ಮನೆ ಕೂತು ಎದ್ದರೆ ಸಾಕು, ಒಳಗೆ ಅಕ್ಕಿಯಾಗಿರುತ್ತದೆ. ಬನವಾಸಿಯ ರೈಸ್ ಮಿಲ್ಲಿನವರು ಈ ಭಯದಿಂದಲೇ ಆಕೆಗೆ ನಮಸ್ಕಾರ ಹೇಳುವುದು.

"ಅಕ್ಕಾ, ಮುಂದಿನ ಹಲಗಿ ಮ್ಯಾಲೆ ಹೋಗಿ ಕುಂದರಬೇ. ಭಾರ ಹಿಂದಾದ್ರ ದೋಣಿ ನೇಗಿಲಿನಂಗ ನೀರು ಉಳತೈತಿ, ಓಡಂಗಿಲ್ಲ."

"ಗಾಡಿ ಹೊಡಿಯಾಂವನ ಮುಂದ ಹೆಣ್ಮಕ್ಳು ಕುಂದರತಾರೇನೋ? ನಮ್ಮ ಮನ್ಯಾಗ ಎಂದರ ನೋಡೀಯೇನು?"

"ಇದು ಎತ್ತಿನ ಗಾಡಿ ಅಲ್ಲಬೇ! ದೋಣ್ಯಾಗ ಹೊಡಿಯಾಂವ ಹಿಂದ ಇರ್ತಾನ."

"ಹಂಗಾದ್ರ ನಾ ಇನ್ನೂ ಹಿಂದ," ಎಂದು ಗುರುಶಾಂತವ್ವ ಮತ್ತೊಂದು ಗೇಣು ಹಿಂದಕ್ಕೆ ಸರಿದಳು. ದೋಣಿಯ ಅಂಚನ್ನು ನೀರು ನೆಕ್ಕಿತು.

ಎದುರು ದಂಡೆಯಲ್ಲಿ ಚನ್ನಬಸವನ ಹೆಂಡತಿ ದಾಕ್ಷಾಯಿಣಿಯ ತವರುಮನೆ. ಇವತ್ತು ಅಲ್ಲಿ ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಎಂದರೆ ಇದೇ ಗುರುಶಾಂತವ್ವ. ಹೇಳುವಾಗ ವಾಡಿಕೆಯಂತೆ ಆಕೆಯ ಬೆನ್ನಿಗೆ ಗುದ್ದಲು ಆ ಮನೆಯ ಹೆಂಗಸರು ಬೆಳಿಗ್ಗೆಯಿಂದ ಬಳೆ ಹಿಂದಕ್ಕೆ ಸರಿಸಿಕೊಂಡು ಕಾಯುತ್ತಿದ್ದರು. ಮುಹೂರ್ತ ಹನ್ನೊಂದರೊಳಗೆ. ಕೆರೆ ಏರಿಯ ಮೇಲೆ ಬೈಕಿನಲ್ಲಿ ಹೋಗಿದ್ದರೆ ಇಷ್ಟೊತ್ತಿಗೆ ಪಾಯಸ ಉಂಡಾಗಿರುತ್ತಿತ್ತು. ಆದರೆ ಹೊನ್ನಾವರದಿಂದ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದ ಎರಡು ಕುದುರೆ ಶಕ್ತಿಯ ಮೋಟರನ್ನು ಮಾವನ ಮನೆಯವರಿಗೆ ತೋರಿಸದಿದ್ದರೆ ಅಳಿಯನಾಗಿ ಏನು ಸುಖ?

ಚನ್ನಬಸವ ಕಲಿತ ವಿದ್ಯೆಯನ್ನೆಲ್ಲ ಹೊರತೆಗೆದ. ಮೋಟರು ನಿಲ್ಲಿಸಿ ಪಂಖಕ್ಕೆ ಸುತ್ತಿಕೊಂಡ ತಾವರೆಬಳ್ಳಿ ಕಿತ್ತ. ಪಿನ್ನನ್ನು ಬೇರೆ ತೂತಿಗೆ ಹಾಕಿ ಮೋಟರಿನ ಓರೆ ತಿದ್ದಿದ. ಉಡುಗೊರೆಯ ಬುಟ್ಟಿಯನ್ನು ಮುಂದಕ್ಕೆ ತಳ್ಳಿದ. ಮತ್ತೆ ಹಗ್ಗ ಎಳೆದ. ಮೂಗು ಇಳಿಯಲಿಲ್ಲ. ಒಂದು ಆಮೆ ಪಕ್ಕಕ್ಕೆ ಬಂದು, ದೋಣಿಯನ್ನು ಹಿಂದಿಕ್ಕಿ, ತಿರುಗಿ ನೋಡಿ ನಕ್ಕು ಹೋಯಿತು.

ಫೋನು ಬಡಿದುಕೊಂಡಿತು. ದಾಕ್ಷಾಯಿಣಿಯ ದನಿ ಮೋಟರಿಗಿಂತ ಜೋರು.

"ರೀ, ಎಲ್ಲೆ ಅದೀರಿ? ಹೊತ್ತಾಗಕತ್ತೈತಿ! ಮತ್ತ ಅಕ್ಕಾರಿಗೆ ಹೇಳೀರಿಲ್ಲೊ, ಹೆಸರು ವಿಯಾನ್ ಅಂತ? ಅವರು ಶಂಭುಲಿಂಗ ಗಿಂಭುಲಿಂಗ ಅಂದ್ರ ನಾನೂ ಕೂಸೂ ದೀಪಾವಳಿ ತನಕ ಇಲ್ಲೇ ಇರ್ತೀವಿ, ನೋಡ್ರಿ!"

ಗುರುಶಾಂತವ್ವನ ಕಿವಿ ನೆಟ್ಟಗಾಯಿತು. "ವಿಯಾನ್ ಅಂದ್ರ ಏನು, ಕೆಮ್ಮಿನ ಔಷಧೇನು? ತೀರಿಹೋದ ಅಪ್ಪನ ಹೆಸರು ಬಿಟ್ಟು ಕೆಮ್ಮಿನ ಔಷಧ ಇಡ್ತೀರೇನೋ? ಶಂಭುಲಿಂಗ ಅಂತ ಇಡತೇನಿ ಅನ್ನು. ಈಗಿಂದೀಗ ಮುಂದ ಹೋಗಿ ಕುಂದರತೇನಿ. ಇಲ್ಲಂದ್ರ ಇಲ್ಲೇ ಕುಂತೇನಿ."

ಹೂಂ ಅಂದರೆ ಹೆಂಡತಿ ಇಲ್ಲ. ಉಹೂಂ ಅಂದರೆ ಮುಹೂರ್ತ ಇಲ್ಲ. ಚನ್ನಬಸವ ಕಣ್ಣು ಮುಚ್ಚಿದ. "ಹೂಂ."

ಗುರುಶಾಂತವ್ವ ಇಳಕಲ್ ಸೀರೆ ಎತ್ತಿಕಟ್ಟಿ, ಹಲಗೆ ಹಿಡಿದು ಹಿಡಿದು, ಮುಂದೆ ಹೋಗಿ ಕೂತಳು. ಧಡ್ ಎಂದು ಮೂಗು ಇಳಿಯಿತು. ಎರಡು ಕುದುರೆ ಇನ್ನೂರಾದವು! ಇಕ್ಕೆಲಕ್ಕೂ ಚಿಮ್ಮಿದ ನೀರಿಗೆ ದಂಡೆಯ ಗದ್ದೆಗಳು ಎರಡು ಬೆಳೆಗಾಗುವಷ್ಟು ತೊಯ್ದವು. ಆ ರಭಸಕ್ಕೆ, ನಕ್ಕು ಹೋಗಿದ್ದ ಆಮೆ ಮತ್ತೆ ಮೊಟ್ಟೆಯೊಳಗೇ ಹೋಗಿ ಕೂತಿತು.

ಹುಟ್ಟಿದಾಗಿನಿಂದ ಗಾಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಬೈಕಿನಲ್ಲಿ ಯಾರದಾದರೊಬ್ಬರ ಬೆನ್ನು ನೋಡುತ್ತಲೇ ಊರೂರು ತಿರುಗಿದವಳು ಗುರುಶಾಂತವ್ವ. ಇವತ್ತು ಆಕೆಯ ಕಣ್ಣೆದುರು ಯಾರ ಬೆನ್ನೂ ಇರಲಿಲ್ಲ. ಬರೀ ನೀರು, ಬರೀ ಗಾಳಿ. ಸೆರಗು ಪಟಪಟ ಹಾರಿತು. ಎರಡೂ ಕೈ ಮೇಲೆತ್ತಿ ಆಕೆ ಹಾಕಿದ ಕೇಕೆಗೆ ಆಚೆ ದಂಡೆಯ ವಾಲಗದವರು ನುಡಿಸುವುದನ್ನು ನಿಲ್ಲಿಸಿದರು.

ದಂಡೆ ಬಂತು. ದಾಕ್ಷಾಯಿಣಿ ಕೂಸನ್ನೆತ್ತಿಕೊಂಡು ನಿಂತಿದ್ದಳು. ಚನ್ನಬಸವ ಮೋಟರಿನ ವೇಗ ತಗ್ಗಿಸಿದ.

"ನಿಲ್ಲಿಸಬ್ಯಾಡಲೇ ತಮ್ಮಾ!" ಗುರುಶಾಂತವ್ವ ಕೂಗಿದಳು. "ಇನ್ನೊಂದು ಸುತ್ತು ಹೊಡಿ!"

"ಅಕ್ಕಾ, ಮುಹೂರ್ತ! ಹೆಸರು!"

"ಹೆಸರು ನಿನ್ನ ಹೆಂಡತಿದ ಇರಲಿ! ವಿಯಾನರ ಆಗಲಿ, ಗಿಯಾನರ ಆಗಲಿ! ನೀ ತಿರುಗಿಸು!"

ದಾಕ್ಷಾಯಿಣಿ ಅತ್ತಿಗೆಯ ಮುಖವನ್ನೇ ನೋಡಿದಳು. ಸದಾ ಗಂಟಿಕ್ಕಿಕೊಂಡಿರುತ್ತಿದ್ದ ಆ ಮುಖ ನೀರು ಸುರಿಸಿಕೊಂಡು ನಗುತ್ತಿತ್ತು. ದಾಕ್ಷಾಯಿಣಿ ಕೂಸನ್ನು ತಾಯಿ ಅನ್ನಪೂರ್ಣವ್ವನ ಕೈಗೆ ಕೊಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಸೀದಾ ನೀರಿಗಿಳಿದಳು.

"ಬಾಣಂತಿ ಅದೀಯೆ, ನೀರಾಗ ಇಳೀಬ್ಯಾಡೇ!" ಅನ್ನಪೂರ್ಣವ್ವ ಚೀರಿದಳು.

"ರೀ, ಶಂಭುಲಿಂಗ ಅಂತನ ಇಡ್ರಿ, ನಂದೇನೂ ತಕರಾರಿಲ್ಲ! ಮೊದಲ ನನ್ನ ಹತ್ತಿಸ್ಕೊಳ್ರಿ! ಮುಂದ, ಅಕ್ಕಾರ ಬಾಜೂಕ!"

ಮುಂದೆ ಇಬ್ಬರ ಭಾರ ಬಿದ್ದದ್ದೇ ದೋಣಿ ಯಲ್ಲಾಪುರಕ್ಕೇ ಹೊರಟಂತೆ ಹೊರಟಿತು. ದಂಡೆಯ ಮನೆಯೊಳಗಿನ ಗೋಡೆ ಗಡಿಯಾರ ಹನ್ನೊಂದು ಹೊಡೆಯಿತು. ಅನ್ನಪೂರ್ಣವ್ವ ಮೊಮ್ಮಗನನ್ನು ಎದೆಗವಚಿಕೊಂಡು, ದಂಡೆಯುದ್ದಕ್ಕೂ ಓಡುತ್ತ, ಕೂಗುತ್ತಲೇ ಇದ್ದಳು:

"ಏ, ಯಾವುದರೆ ಒಂದು ಹೇಳಿ ಹೋಗ್ರೆವ್ವಾ! ಏನಂತ ಕರೀಲಿ ಇದನ್ನ?"