ಗೋಡೆಯಿಂದಿಳಿದ ನಾಯಕ

"ಇಳಿಸು ಅವನನ್ನ," ಎಂದರು ಹೆಡ್‌ಮೇಡಂ.

ಜವಾನ ಏಣಿಯ ಮೇಲೆ ನಿಂತು ತಲೆ ಕೆರೆದುಕೊಂಡ. ಚಿತ್ರ ಆಳೆತ್ತರದ್ದು. ನಾಯಕನಟ ಕೈಕಟ್ಟಿ ನಗುತ್ತಿದ್ದ. ಕೆಳಗೆ ದಪ್ಪಕ್ಷರದಲ್ಲಿ 'ಆಡಿದಂತೆ ಬಾಳಿ' ಎಂದು ಬರೆದಿತ್ತು. ಶಾಲೆಗೆ ಆಟದ ಮೈದಾನ ಮಾಡಿಸಿಕೊಟ್ಟನೆಂದು ಆಡಳಿತ ಮಂಡಳಿಯವರು ತಂದು ತಗುಲಿಹಾಕಿದ್ದರು. ಹೆಡ್‌ಮೇಡಂಗೆ ಅಂದೂ ಅದು ಹಿಡಿಸಿರಲಿಲ್ಲ. ಬಣ್ಣ ಹಚ್ಚಿಕೊಂಡು ಕುಣಿಯುವವನಿಂದ ಮಕ್ಕಳು ಕಲಿಯುವುದೇನಿದೆ? ಮೈದಾನದ ಉದ್ಘಾಟನೆಗೆ ಬಂದವನು ಗಂಟಲು ಕೆಟ್ಟಿದೆಯೆಂದು ಕೈ ಬೀಸಿ ಕೂತುಬಿಟ್ಟಿದ್ದ; ಭಾಷಣ ಮಾಡಿದ್ದು ಹೆಂಡತಿ. ಪತ್ರಿಕೆಯವರಿಗೂ ಸಂದರ್ಶನ ಕೊಡುವವನಲ್ಲ. ಎಂಥ ಕೊಬ್ಬು!

ಈಗ ಆ ಕೊಬ್ಬು ಕರಗಿತ್ತು. ಅವನು ಯಾವಳೊಂದಿಗೋ ಫೋನಿನಲ್ಲಿ ಸರಸವಾಡಿದ ಆಡಿಯೋ ಹೊರಗೆ ಬಿದ್ದು, ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿತ್ತು. ಆ ಗಡಸು ದನಿಯನ್ನು ಗುರುತಿಸದ ಕಿವಿ ಊರಲ್ಲಿರಲಿಲ್ಲ. ಮಾರನೆಯ ದಿನವೇ, 'ನನ್ನಿಂದ ತಪ್ಪಾಗಿದೆ, ಕ್ಷಮಿಸಿ' ಎಂದು ಅವನ ಹೇಳಿಕೆ ಪತ್ರಿಕೆಗಳಲ್ಲಿ ಬಂತು.

"ಕೇಳಿದ್ರಾ ಮೇಡಂ?" ಎಂದು ಗಣಿತದ ಟೀಚರ್ ಫೋನು ಚಾಚಿದ್ದಳು.

"ಛೀ! ಆಮೇಲೆ ಕಿವಿ ತೊಳ್ಕೋಬೇಕಾಗುತ್ತೆ."

ಚಿತ್ರಕಲೆಯ ಮೇಷ್ಟ್ರು ಗೊಣಗಿದರು. "ಅವ್ರು ಚೆನ್ನಾಗಿ ಆ್ಯಕ್ಟ್ ಮಾಡಿದ್ರೆ ಸಾಕಲ್ವಾ ಮೇಡಂ? ಅವ್ರ ಸಂಸಾರ ಕಟ್ಕೊಂಡು ನಮಗೇನು?"

"ಹಾಗಿದ್ರೆ ಶಾಲೆ ಗೋಡೆಗೆ ಯಾಕ್ರೀ ಹಾಕಿದ್ರು? ಥಿಯೇಟರ್ ಗೋಡೆಗೆ ಹಾಕ್ಬೇಕಿತ್ತು."

ಮೇಷ್ಟ್ರು ಹೋಗಿ ಏಣಿ ಹಿಡಿದುಕೊಂಡರು.

ಮನೆಯಲ್ಲೂ ಅದೇ ರಾಗ. "ಪಾಪ, ಅವ್ರದ್ದೇನು ತಪ್ಪಿದ್ಯೋ ಏನೋ..." ಎಂದು ಗಂಡ ಬಾಯಿ ತೆರೆದಿದ್ದ.

"ನೀವು ಸುಮ್ನಿರಿ. ಆ ಜನರ ನಡುವೆ ಇದ್ದು ಇದ್ದು ನಿಮಗೆ ಹೊಲಸೂ ನಾರೋದಿಲ್ಲ."

ಗಂಡನಿಗೆ ಸಿನಿಮಾ ಸ್ಟುಡಿಯೋ ಒಂದರಲ್ಲಿ ಕೆಲಸ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಹೆಡ್‌ಮೇಡಂ ಮಾತು ಬದಲಿಸುತ್ತಿದ್ದರು. ಸಿನಿಮಾದ ಹೆಸರೆತ್ತಿದರೆ ಮೂಗು ಮುರಿಯುವ ಅವರು ಥಿಯೇಟರಿನ ಮೆಟ್ಟಿಲು ಹತ್ತಿದವರಲ್ಲ. ಮನೆಗೆ ಟಿವಿ ತರಲು ಬಿಟ್ಟವರೂ ಅಲ್ಲ.

ಶಾಲಾ ವಾರ್ಷಿಕೋತ್ಸವಕ್ಕೆ ಆ ನಾಯಕನಟನೇ ಮುಖ್ಯ ಅತಿಥಿಯೆಂದು ಮೊದಲೇ ನಿಗದಿಯಾಗಿತ್ತು. ಬೇಡವೆನ್ನಲು ಒಂದು ಫೋನು ಸಾಕಿತ್ತು. ಆದರೆ ಮುಖದ ಮೇಲೆ ಹೇಳುವ ಸುಖವನ್ನು ಹೆಡ್‌ಮೇಡಂ ಬಿಟ್ಟುಕೊಡುವವರಲ್ಲ. ಅಂದು ಸಂಜೆಯೇ ನಾಯಕನ ಮನೆಗೆ ಹೋದರು.

ಹಜಾರದಲ್ಲಿ ಎದುರು ಕೂತವಳು ನಾಯಕನ ಹೆಂಡತಿ. ಅತ್ತ ಕಣ್ಣಲ್ಲ. ತಲೆ ನೀಟಾಗಿ ಬಾಚಿತ್ತು. ಅದನ್ನು ನೋಡಿಯೇ ಹೆಡ್‌ಮೇಡಂಗೆ ಮೈ ಉರಿಯಿತು.

"ನಿಮ್ಮ ಯಜಮಾನ್ರು ವಾರ್ಷಿಕೋತ್ಸವಕ್ಕೆ ಬರೋದು ಬೇಡ. ಫೋಟೋನೂ ಇಳಿಸಿದೀವಿ."

"ಆಗ್ಲಿ ಮೇಡಂ."

"ಅಷ್ಟೇನಾ? ಊರೆಲ್ಲ ಉಗೀತಿದೆ. ನೀವು ಇನ್ನೂ ಅವರ ಜೊತೆಗೇ ಇದೀರಲ್ಲ! ನಿಮ್ಮನ್ನ ನೋಡಿ ನಮ್ಮ ಹೆಣ್ಮಕ್ಕಳು ಏನು ಕಲೀಬೇಕು?"

"ನಮ್ಮನ್ನ ನೋಡಿ ಕಲೀರಿ ಅಂತ ನಾವೆಲ್ಲಿ ಹೇಳಿದ್ವಿ ಮೇಡಂ?" ಆಕೆ ಮೆಲ್ಲಗೆ ನಕ್ಕಳು. "ಫೋಟೋ ಹಾಕಿದೋರೂ ನೀವೇ, ಇಳಿಸಿದೋರೂ ನೀವೇ."

ನಾಚಿಕೆ ಬಿಟ್ಟವರಿಗೆ ಮಾತು ಹೇಗೆ ಬರುತ್ತದೆ! ಹೆಡ್‌ಮೇಡಂ ಎದ್ದರು. ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು.

"ಆ ಹೆಂಗ್ಸು ಹೋದ್ಲಾ? ನನ್ನ ಕನ್ನಡಕ ಎಲ್ಲೇ?"

ಕೀರಲು ದನಿ. ಪೀಪಿ ಊದಿದ ಹಾಗೆ. ಹಿಂದೆಯೇ ಪರದೆ ಸರಿಸಿಕೊಂಡು ಬಂದವನು ಸಾಕ್ಷಾತ್ ನಾಯಕ! ಹೆಡ್‌ಮೇಡಂ ಅವರನ್ನು ಕಂಡು ಗಪ್ಪನೆ ಬಾಯಿ ಮುಚ್ಚಿ ಒಳಗೋಡಿದ.

"ಗಡಸು ದನಿ ಅಂತಾರಲ್ಲ ಎಲ್ಲರೂ?" ಹೆಡ್‌ಮೇಡಂ ಕಣ್ಣರಳಿಸಿದರು.

ಹೆಂಡತಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ದಯವಿಟ್ಟು ಹೊರಗೆ ಹೇಳ್ಬೇಡಿ. ಸಿನಿಮಾದಲ್ಲಿ ಇವರದ್ದು ಬರೀ ತುಟಿ. ಮಾತಾಡೋರು ಬೇರೆ. ಮೊದಲ್ನೇ ಚಿತ್ರದಿಂದಲೂ ಅವರೊಬ್ಬರೇ. ಫೋನಲ್ಲಿ ಮಾತಾಡಿರೋದೂ ಅವರೇ."

"ಮತ್ತೆ ಇವರು ತಪ್ಪಾಯ್ತು ಅಂದದ್ದು?"

"ಹೆಣ್ಣಿನ ಚಪಲ ಅಂದ್ರೆ ಜನ ನಾಲ್ಕು ದಿನ ಬೈದು ಮರೀತಾರೆ. ಹೊಸ ಸಿನಿಮಾ ಬಂದ್ರೆ ಅದೇ ಜನ ಸಾಲು ನಿಲ್ತಾರೆ. ಈ ದನಿ ಕೇಳಿದ್ರೆ ನಗ್ತಾರೆ. ನಗೋಕೆ ಶುರು ಮಾಡಿದ್ರೆ ಮುಗೀತು ನಮ್ಮ ಕಥೆ."

ಥೂ, ಎಂಥ ಜನ! ಮಾಡದ ಹಾದರವನ್ನು ಮೈಮೇಲೆ ಎಳೆದುಕೊಂಡಾದರೂ ಮೆರೆಯಬೇಕು. ಆದರೆ ಇವರಿಗಿಂತ ನೀಚ ಇನ್ನೊಬ್ಬನಿದ್ದ. ಮಾಡಿದ್ದೆಲ್ಲ ಮಾಡಿ, ಬೇರೊಬ್ಬನ ಹೆಸರಿನ ಹಿಂದೆ ಅಡಗಿ ಹಾಯಾಗಿ ಕೂತವನು. ಹೆಡ್‌ಮೇಡಂ ಮತ್ತೆ ಕುರ್ಚಿ ಎಳೆದುಕೊಂಡರು.

"ಆ ಹೇಡಿಗೆ ಹೆಂಡತಿ ಇದಾಳಾ?"

"ಇದಾರಂತೆ. ನಾನು ನೋಡಿಲ್ಲ."

"ಪಾಪದವಳು. ಯಾರಾದ್ರೂ ಅವಳ ಕಣ್ಣು ತೆರೆಸ್ಬೇಕು. ಎಲ್ಲಿ, ಹಾಕಿ ಆ ಆಡಿಯೋನ. ನಾನೂ ಒಂದ್ಸಲ ಕೇಳೇಬಿಡ್ತೀನಿ."

ಆಕೆ ಹಿಂದೆಮುಂದೆ ನೋಡಿ, ಫೋನನ್ನು ಟೀಪಾಯಿಯ ಮೇಲಿಟ್ಟು ಒತ್ತಿದಳು. ಮೊದಲು ಹೆಣ್ಣೊಬ್ಬಳ ಕಿಲಕಿಲ ನಗು. ಆಮೇಲೆ ಗಂಡಸಿನ ದನಿ. ಗಡಸು, ಆದರೆ ದಣಿದದ್ದು.

"ನನ್ನ ಮಾತಿಗೆ ಊರೆಲ್ಲ ಚಪ್ಪಾಳೆ ತಟ್ಟುತ್ತೆ ಕಣೇ. ಮನೇಲಿ ಮಾತ್ರ ಬಾಯಿ ತೆರೆದ್ರೆ ಸುಮ್ನಿರಿ ಅಂತಾಳೆ. ನಾನೇನು ಕೆಲಸ ಮಾಡ್ತೀನಿ ಅಂತ ಇವತ್ತಿನವರೆಗೆ ಒಂದ್ಸಲ ಕೇಳಿಲ್ಲ ಅವಳು..."

ಮದುವೆಯಾಗಿ ಇಷ್ಟು ವರ್ಷಗಳಾದ ಮೇಲೆ, ಹೆಡ್‌ಮೇಡಂ ಮೊದಲ ಬಾರಿಗೆ ತಮ್ಮ ಗಂಡನ ಮಾತನ್ನು ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದರು.