ಮೂರು ಸಾಲು ಹೊಲಿಗೆ

ಎಡಿಟಿಂಗ್ ಕೋಣೆಯ ಪರದೆಯ ಮೇಲೆ ಒಡೆದ ಚಹಾ ಕಪ್ಪಿನ ಚೂರುಗಳು ನೆಲದಿಂದೆದ್ದು, ಒಂದಕ್ಕೊಂದು ಕೂಡಿಕೊಂಡು, ಇಡೀ ಕಪ್ಪಾಗಿ ಒಬ್ಬ ಹೆಂಗಸಿನ ಕೈ ಸೇರಿದವು. ಉದುರಿದ ಎಲೆಗಳು ಹಾರಿ ಕೊಂಬೆಗೆ ಹೋಗಿ ಕೂತವು. ಮುದುಕ ದರ್ಜಿ ಮಗುವಿನಂತೆ ಚಪ್ಪಾಳೆ ತಟ್ಟಿದ.

“ದೇವರೇ ಕೈಬಿಟ್ಟ ಕೆಲಸಕ್ಕೆ ಕೈ ಹಾಕಿದ್ದೀಯಲ್ಲ ತಾಯಿ! ಹೋದದ್ದನ್ನೆಲ್ಲ ವಾಪಸ್ ಕರೀತೀಯ.”

“ನನಗೂ ದೇವರಿಗೂ ಜಗಳ ತಂದಿಡಬೇಡಿ ಮಾಸ್ಟ್ರೇ,” ನಿರ್ದೇಶಕಿ ನಕ್ಕಳು. “ಕ್ಯಾಮೆರಾದಲ್ಲಿ ತೆಗೆಯೋದೆಲ್ಲ ಮುಂದಕ್ಕೇ. ತೋರಿಸೋದು ಮಾತ್ರ ಹಿಂದಕ್ಕೆ. ನೋಡಿ, ಈಗ ನಿಮ್ಮ ಸರದಿ.”

ಹೋದವರನ್ನು ಕರೆಯುವ ಹಾಡಂತೆ ಅದು. ಅದರ ವೀಡಿಯೋಗೆ ಏನಾದರೊಂದು ಹಳೆಯ ಬಟ್ಟೆಯ ಹೊಲಿಗೆ ಬಿಚ್ಚಿಕೊಡಿ ಎಂದು ಹದಿನೈದು ದಿನದ ಹಿಂದೆ ಅವಳು ಅಂಗಡಿಗೆ ಬಂದಿದ್ದಳು. “ನಲವತ್ತು ವರ್ಷ ಹೊಲಿದವನಿಗೆ ಬಿಚ್ಚೋ ಕೆಲಸವೇ?” ಎಂದು ಗೊಣಗಿದ್ದರೂ ದರ್ಜಿಯ ಕೈ ಗೂಟದ ಮೇಲಿನ ನೀಲಿ ಅಂಗಿಯ ಕಡೆಗೇ ಹೋಗಿತ್ತು. ಯಾರದೆಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಈಗ ಪರದೆಯ ಮೇಲೆ ಅವನದೇ ಕೈಗಳು. ನೆಲದ ಮೇಲಿನ ದಾರದ ತುಂಡುಗಳು ಜೀವ ಬಂದಂತೆ ಎದ್ದು ಬಟ್ಟೆಯೊಳಗೆ ತೂರಿಕೊಂಡವು. ಪಕ್ಕದ ಹೊಲಿಗೆ ಒಂದು ಸಾಲು ಮುಚ್ಚಿತು. ಅಂಗಿ ಎರಡು ಬೆರಳು ಕಿರಿದಾಯಿತು. ಇನ್ನೊಂದು ಸಾಲು, ಇನ್ನೆರಡು ಬೆರಳು. ಮೂರನೆಯದು ಮುಚ್ಚುವ ಹೊತ್ತಿಗೆ ದರ್ಜಿ ಎದ್ದು ನಿಂತಿದ್ದ.

“ನಿಲ್ಲಿಸಮ್ಮ. ಅವಳನ್ನ ಅಷ್ಟು ಸಣ್ಣ ಮಾಡಬೇಡ.”

“ಯಾರನ್ನ ಮಾಸ್ಟ್ರೇ?”

“ನನ್ನ ಮನೆಯವಳನ್ನ. ಕಾಯಿಲೆ ಬಿದ್ದ ಮೇಲೆ ಅಂಗಿ ದೊಗಳೆ ಆಯ್ತು ಅಂತ ಎರಡು ಬೆರಳು ಹಿಡಿದು ಹೊಲಿದೆ. ಒಂದು ತಿಂಗಳಿಗೆ ಮತ್ತೆ ಹಿಡಿದೆ. ಮೂರನೇ ಸಲ, ‘ಒಳಗೆ ಮಡಚಿದ ಬಟ್ಟೆ ಕತ್ತರಿಸಬೇಡಿ ರೀ, ನಾಳೆ ಮೈ ಕೈ ತುಂಬಿಕೊಂಡರೆ ಬೇಕಾಗುತ್ತೆ’ ಅಂದಳು. ಕತ್ತರಿಸಲಿಲ್ಲ. ಆ ನಾಳೆ ಬರಲೇ ಇಲ್ಲ.” ಅವನು ಕನ್ನಡಕ ತೆಗೆದು ತನ್ನ ಅಂಗಿಯ ಚುಂಗಿನಿಂದ ಒರೆಸಿದ. “ಅವತ್ತು ನಿನ್ನ ಎದುರು ಕೂತು ಬಿಚ್ಚುವಾಗ, ಅವಳಿಗೆ ಮೈ ತುಂಬುತ್ತಾ ಇದೆ ಅಂದುಕೊಂಡೇ ಬಿಚ್ಚಿದೆ ತಾಯಿ.”

ಮೂಲೆಯಲ್ಲಿದ್ದ ಕ್ಯಾಮೆರಾದವನು ಕೆಮ್ಮಿದ. “ಇಡೀ ಹಾಡು ಹಿಂದಕ್ಕೆ ಓಡುತ್ತೆ. ಮಾಸ್ಟ್ರು ಬಿಚ್ಚಿದ ಹಾಗೇ ಇದೊಂದನ್ನ ಮುಂದಕ್ಕೆ ಓಡಿಸಿದರೆ ನೋಡಿದವರು ಎಡವಟ್ಟು ಅಂತಾರೆ. ತೆಗೆದೇಬಿಡೋಣ.”

“ತೆಗೆದುಬಿಡಿ,” ದರ್ಜಿಯೂ ಅಂದ. “ಹೇಗೂ ಸೂಜಿಯ ತೂತೆಲ್ಲ ಕಾಣುತ್ತೆ. ಕಸುಬಿನವನಿಗೆ ಅದು ಶೋಭೆ ಅಲ್ಲ.”

ನಿರ್ದೇಶಕಿ ಓಡುತ್ತಿದ್ದ ತುಣುಕನ್ನು ನಿಲ್ಲಿಸಿದಳು. ಗಲ್ಲಕ್ಕೆ ಕೈ ಕೊಟ್ಟು, ನಿಂತುಹೋದ ಚಿತ್ರವನ್ನೇ ನೋಡುತ್ತ ಕೂತಳು. ಆಮೇಲೆ ಆ ತುಣುಕನ್ನು ಕಿತ್ತು ಹಾಡಿನ ಕೊನೆಗೆ ತಂದಿಟ್ಟಳು.

“ಎಡವಟ್ಟು ಅನ್ನೋರು ಅನ್ನಲಿ. ಕೂತ್ಕೊಳ್ಳಿ ಮಾಸ್ಟ್ರೇ.”

ಹಾಡು ಮೊದಲಿನಿಂದ ಶುರುವಾಯಿತು. ಒಡೆದ ಕಪ್ಪು ಕೂಡಿತು, ಎಲೆಗಳು ಮರ ಸೇರಿದವು. ಕೊನೆಯಲ್ಲಿ ವಾದ್ಯಗಳೆಲ್ಲ ನಿಂತು ಬರಿಯ ದನಿ ಉಳಿದಾಗ ದರ್ಜಿಯ ಕೈಗಳು ಬಂದವು. ಈ ಸಲ ಬ್ಲೇಡು ಮುಂದಕ್ಕೇ ನಡೆಯಿತು. ಒಂದು ಸಾಲು ಬಿಚ್ಚಿತು; ಎರಡು ಬೆರಳು. ಇನ್ನೊಂದು. ಮತ್ತೊಂದು. ಪರದೆಯ ದರ್ಜಿ ಅಂಗಿಯನ್ನು ಕೊಡವಿ ಎತ್ತಿ ಹಿಡಿದ. ಅದರ ಹಿಂದೆ ನಿರ್ದೇಶಕಿ ಚಿತ್ರ ತೆಗೆದ ದಿನವೇ ಒಂದು ದೀಪ ಇಟ್ಟಿದ್ದಳು. ಸೂಜಿಯ ತೂತುಗಳಿಂದ ಮೂರು ಸಾಲು ಬೆಳಕು ಈಚೆ ಬರುತ್ತಿತ್ತು.

ದರ್ಜಿ ಕೊರಳಲ್ಲಿದ್ದ ಅಳತೆಪಟ್ಟಿಯನ್ನು ಮುಟ್ಟಿಕೊಂಡ.

“ಹೂಂ,” ಎಂದ. “ಈಗ ಅವಳಿಗೆ ಸರಿಹೋಗುತ್ತೆ.”