ಹೊರಗಿನ ಚಿಲಕ

ಸ್ಕ್ರೂ ಬಿಗಿದ ಮೇಲೆ ಅದರ ತಲೆಯ ಗೀರು ನೆಟ್ಟಗೆ ನಿಲ್ಲಬೇಕೆಂದು ಅಪ್ಪ ಮಗಳಿಗೆ ಚಿಕ್ಕಂದಿನಲ್ಲೇ ಕಲಿಸಿದ್ದ.

"ಊರಲ್ಲಿ ಹಂಗೆ ನಿಲ್ಸೋರು ನಾವಿಬ್ರೇ ಕಣವ್ವ," ಎನ್ನುತ್ತಿದ್ದ.

ಗಂಡನ ಏಟು ತಾಳಲಾರದೆ ಅವಳು ತವರಿಗೆ ಓಡಿಬಂದಾಗ, ಅಪ್ಪನೇ ವಾಪಸ್ ಗಂಡನ ಮನೆಗೆ ಕರೆದುಕೊಂಡು ಹೋದ.

"ನೀನು ಅಡುಗೆ ನೋಡವ್ವ. ಅಳಿಯಂದಿರ ಹತ್ರ ಮಾತಾಡಿ ಎಲ್ಲಾ ಸರಿ ಮಾಡ್ತೀನಿ."

ಮಾರನೆಯ ಬೆಳಿಗ್ಗೆ ಅವಳ ಕೋಣೆಯ ಬಾಗಿಲು ಹೊರಗಿನಿಂದ ಹಾಕಿತ್ತು.

"ಹೊಸ ಚಿಲಕ. ಇನ್ನು ಅದ್ಹೆಂಗೆ ಓಡೋಗ್ತೀಯೋ ನೋಡ್ತೀನಿ," ಎಂದು ಕೂಗಿ ಗಂಡ ಕೆಲಸಕ್ಕೆ ಹೋದ.

ಅವಳು ನೇಲ್‌ಕಟರಿನ ತುದಿಯಿಂದ ಬಾಗಿಲ ಒಳಬದಿಗೆ ಕಾಣುತ್ತಿದ್ದ ಕೀಲುಗಳ ಸ್ಕ್ರೂ ಬಿಚ್ಚತೊಡಗಿದಳು. ಒಂದೊಂದು ಕಳಚಿದಾಗಲೂ ಅಪ್ಪನನ್ನು ನೆನೆದಳು. ಬಾಗಿಲು ಸರಿಸಿ ಹೊರಬಂದು ಚಿಲಕ ನೋಡಿದಳು.

ಆರೂ ಸ್ಕ್ರೂಗಳ ಗೀರುಗಳು ನೆಟ್ಟಗೆ ನಿಂತಿದ್ದವು.